ಅರಿಶಿನದ ಕೊಂಬಿನ ನೆರಳು

ಕಾಯಿಲೆಯಿಂದ ಎದ್ದು ಕೂತವರು ತಮ್ಮ ಅನುಭವ ಬರೆದಾಗ ಕೊನೆಯಲ್ಲಿ ಮನೆಯವರಿಗೆ ಕೈ ಮುಗಿಯುತ್ತಾರೆ. ಅವರಿಲ್ಲದಿದ್ದರೆ ನಾನು ಉಳಿಯುತ್ತಿರಲಿಲ್ಲ ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನನ್ನಿಂದ ಅದು ಆಗುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಉಳಿಸಿದ್ದು ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗಿದ ಮಾತ್ರೆಗಳು. ನಾನೂ ಗುಣವಾಗಿದ್ದೇನೆ, ನನ್ನ ಮಗಳೂ ಗುಣವಾಗಿದ್ದಾಳೆ. ಮನೆಯವರು ಏನು ಮಾಡಿದರು ಅನ್ನುವುದನ್ನು ಮುಂದೆ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೇ ನಡೆಯುತ್ತಿದ್ದರೆ, ಇದು ನಿಮಗೊಬ್ಬರಿಗೇ ಬಂದದ್ದಲ್ಲ ಅಂತ ಗೊತ್ತಾಗಲಿ, ಅಷ್ಟೇ.

ನಾನು ಹಿನಕಲ್‌ನಲ್ಲಿ ಹುಟ್ಟಿ ಕೆಸರೆಗೆ ಮದುವೆಯಾಗಿ ಬಂದವಳು. ಮನೆಯ ಮುಂಭಾಗದಲ್ಲೇ ನಮ್ಮ ಹಿಟ್ಟಿನ ಗಿರಣಿ. ಯಂತ್ರ ಓಡಿಸುವುದು ನನ್ನ ಗಂಡ ಮಹದೇವ. ಡಬ್ಬ ತೂಕ ಹಾಕಿ ಇಳಿಸಿಕೊಳ್ಳುವುದು, ಬೀಸಿದ ಹಿಟ್ಟು ತುಂಬಿ ಕೊಡುವುದು ನಾನು. ಗಂಡನನ್ನು ಎದುರಿಗೆ ನೀವು ಅಂತಲೇ ಕರೆಯುತ್ತೇನೆ. ಬರೆಯುವಾಗ ಮಾತ್ರ ಅಷ್ಟೊಂದು ಮರ್ಯಾದೆ ಕೈಗೆ ಬರುತ್ತಿಲ್ಲ.

ಗಿರಣಿಯಲ್ಲಿ ಕೂರುವವಳಿಗೆ ಕೆಮ್ಮು ಬಂದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ರಾಗಿ ಬೀಸಿದರೆ ಧೂಳು, ಮೆಣಸಿನಕಾಯಿ ಬೀಸಿದರೆ ಘಾಟು. ಅತ್ತೆ ಪುಟ್ಟತಾಯಮ್ಮ ಅಂಗೈಯಲ್ಲಿ ಬೆಲ್ಲದ ಚೂರು ಹಿಡಿದುಕೊಂಡು ಬಂದು, "ಹಿಟ್ಟು ಕುಡ್ದಿದ್ದೀಯ ಕಣವ್ವ, ಬೆಲ್ಲ ತಿನ್ನು, ಕೆಳಕ್ಕಿಳೀತದೆ" ಅನ್ನುತ್ತಿದ್ದರು. ಬೆಲ್ಲ ತಿಂದೆ. ಶುಂಠಿ ಕಷಾಯ ಕುಡಿದೆ. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ರವಿಕೆಗಳೆಲ್ಲ ಸಡಿಲವಾದವು, ಆದರೂ ಬೆಲ್ಲವೇ. ಕೊನೆಗೆ ಒಂದು ಬೆಳಗ್ಗೆ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತದ ಎಳೆ ಕಂಡಿತು. ಆಗ ನಮ್ಮ ಬಡಾವಣೆಯ ಡಾಕ್ಟರು ಎದೆಯ ಎಕ್ಸ್-ರೇ ಬರೆದುಕೊಟ್ಟರು.

ಸ್ಕ್ಯಾನಿಂಗ್ ಸೆಂಟರಿನ ಆ ಬೆಂಚುಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಗೋಡೆಯ ಮೇಲೆ ಯಾರೂ ನೋಡದ ಒಂದು ಟಿವಿ, ಅದರಲ್ಲಿ ಸೊಸೆಗೆ ಬೈಯುವ ಒಬ್ಬ ಅತ್ತೆ. ನಾನು ಕೆಮ್ಮಿದ ಕೂಡಲೇ ಪಕ್ಕದ ಹೆಂಗಸು ಸೆರಗು ಮೂಗಿಗೆ ಹಿಡಿದು ಎದ್ದು ಹೋದಳು. ಅವಳು ಮಾಡಿದ್ದು ಸರಿಯೇ ಅಂತ ಈಗ ಗೊತ್ತು. ಆದರೆ ಎದ್ದು ಹೋಗುವಾಗ ನನ್ನ ಕಡೆ ನೋಡಿದ ರೀತಿ ಇದೆಯಲ್ಲ, ಅದನ್ನು ನಾನು ಇನ್ನೂ ಕ್ಷಮಿಸಿಲ್ಲ. ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಒಬ್ಬ ಅಜ್ಜ ಮಾತ್ರ ಎದುರಿನಿಂದ ಕೈ ಚಾಚಿ ಒಂದು ಲವಂಗ ಕೊಟ್ಟ. "ಬಾಯಲ್ಲಿ ಮಡೀಕೊ ತಾಯಿ, ಕೆಮ್ಮು ತಡೀತದೆ" ಅಂದ. ಆ ದಿನ ನನಗೆ ಸಿಕ್ಕ ಕರುಣೆ ಅಷ್ಟೇ, ಒಂದು ಲವಂಗದಷ್ಟು.

ಎಕ್ಸ್-ರೇ ಕೋಣೆಯ ಬಾಗಿಲ ಮೇಲೆ ಹಳದಿ ಬಣ್ಣದ ಫಲಕವಿತ್ತು, ಅದರಲ್ಲಿ ಮೂರು ರೆಕ್ಕೆಯ ಗುರುತು. ಅತ್ತೆ ಅದನ್ನು ನೋಡಿ, "ಒಳಗೆ ಫ್ಯಾನ್ ಹಾಕವ್ರೆ, ತಣ್ಣಗಿರ್ತದೆ ಬುಡು" ಅಂದರು. ಅದರ ಕೆಳಗೆ, ಗರ್ಭಿಣಿಯರು ಮೊದಲೇ ತಿಳಿಸಬೇಕು ಅಂತ ಕನ್ನಡದಲ್ಲೇ ಬರೆದಿತ್ತು. ಒಳಗಿನಿಂದ ಬಂದ ಟೆಕ್ನಿಷಿಯನ್ ಹುಡುಗಿ ಇಡೀ ಹಾಲಿಗೆ ಕೇಳುವ ಹಾಗೆ, "ಸವಿತಾ ಯಾರು? ಪ್ರೆಗ್ನೆಂಟ್ ಅಲ್ಲ ತಾನೆ?" ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಉತ್ತರ ಕೊಟ್ಟಾಗಿತ್ತು. "ಎಲ್ಲಿ ಕಣವ್ವ! ಒಂದು ಹೆಣ್ಣಾಗಿ ನಾಕು ವರ್ಷ ಆಯ್ತು. ಗಂಡೊಂದು ಆಗ್ಲಿ ಅಂತ ಕಾದೂ ಕಾದೂ ಸಾಕಾಯ್ತು." ಬೆಂಚಿನವರೆಲ್ಲ ನನ್ನ ಹೊಟ್ಟೆ ನೋಡಿದರು. ಎದೆಗಿಂತ ಮೊದಲು ಹೊಟ್ಟೆಯ ಎಕ್ಸ್-ರೇ ಅಲ್ಲೇ ಆಯಿತು.

"ಕುತ್ತಿಗೇಲಿರೋದೆಲ್ಲ ತೆಗೀಬೇಕು. ತಾಳೀನೂ" ಅಂದಳು ಹುಡುಗಿ.

ಇದಕ್ಕೆ ಅತ್ತೆ ಸಿದ್ಧವಾಗಿಯೇ ಬಂದಿದ್ದರು. ಗಂಡ ಬದುಕಿರುವಾಗ ಹೆಂಗಸಿನ ಕುತ್ತಿಗೆ ಬರಿದಾಗಬಾರದು ಅನ್ನುವುದು ನಮ್ಮ ಕಡೆಯ ರೂಢಿ. ಚಿನ್ನದ ತಾಳಿ ಬಿಚ್ಚಬೇಕಾಗಿ ಬಂದರೆ ಮೊದಲು ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿ, ಆಮೇಲೆ ಚಿನ್ನ ಬಿಚ್ಚುತ್ತಾರೆ. ಅತ್ತೆ ಸೆರಗಿನ ಗಂಟಿನಿಂದ ದಾರ ತೆಗೆದರು. ಅದರ ತುದಿಯಲ್ಲಿ ಹೆಬ್ಬೆರಳು ಗಾತ್ರದ ಕೊಂಬು. ಮೂಲೆಗೆ ಕರೆದುಕೊಂಡು ಹೋಗಿ ಕಟ್ಟಿದರು, ತಾಳಿಸರ ಬಿಚ್ಚಿ ತಮ್ಮ ಪರ್ಸಿಗೆ ಹಾಕಿಕೊಂಡರು. ಒಳಗೆ ಹೋಗಿ ಅವರು ಕೊಟ್ಟ ಗೌನು ತೊಟ್ಟೆ. ಕೊರಳಲ್ಲಿ ಹಳದಿ ದಾರ ಕಂಡ ಹುಡುಗಿ, "ಬರೀ ದಾರ ತಾನೆ? ಇರ್ಲಿ" ಅಂದಳು. ಗೌನಿನ ಒಳಗಿದ್ದ ಕೊಂಬನ್ನು ಅವಳು ನೋಡಲಿಲ್ಲ, ಹೇಳಬೇಕು ಅಂತ ನನಗೂ ಹೊಳೆಯಲಿಲ್ಲ.

ಎದೆಯನ್ನು ತಣ್ಣನೆಯ ಪ್ಲೇಟಿಗೆ ಒತ್ತಿ, ಗದ್ದ ಮೇಲೆತ್ತಿ ನಿಂತೆ. ಹುಡುಗಿ ಗಾಜಿನ ಹಿಂದಕ್ಕೆ ಹೋಗಿ, "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ" ಅಂದಳು. ಒಂದು ಸಣ್ಣ ಸದ್ದು. ಅಷ್ಟೇ. ಇಷ್ಟಕ್ಕೇನಾ ರಾತ್ರಿಯೆಲ್ಲ ನಿದ್ದೆಗೆಟ್ಟದ್ದು ಅಂದುಕೊಳ್ಳುತ್ತಿರುವಾಗಲೇ ಅವಳು ಸಿಡುಕಿದಳು.

"ಏನಮ್ಮ ಇದು? ಎದೆ ಮಧ್ಯೆ ಏನು ಇಟ್ಕೊಂಡಿದ್ದೀರಾ?"

ಕಂಪ್ಯೂಟರಿನಲ್ಲಿ ನನ್ನ ಪಕ್ಕೆಲುಬುಗಳು ಬೆಳ್ಳಗೆ, ಅವುಗಳ ನಡುವೆ ಗಾಳಿ ತುಂಬಿದ ಜಾಗ ಕಪ್ಪಗೆ. ನಡುಮಧ್ಯದಲ್ಲಿ ಯಾರೋ ಬೆರಳಿಟ್ಟು ತೋರಿಸಿದ ಹಾಗೆ ಒಂದು ಮಸುಕು ನೆರಳು. ಗೌನಿನೊಳಗೆ ಕೈ ಹಾಕಿ ಕೊಂಬು ತೆಗೆದು ತೋರಿಸಿದೆ.

"ಅರಿಶಿನದ್ದು" ಅಂದೆ.

"ಕಿರಣಕ್ಕೆ ಅರಿಶಿನ, ಕುಂಕುಮ ಅಂತ ಗೊತ್ತಾಗುತ್ತಾ? ಅಡ್ಡ ಬಂದಿದ್ದೆಲ್ಲ ಬೀಳುತ್ತೆ. ಈಗ ಇನ್ನೊಂದ್ಸಲ ತೆಗೀಬೇಕು. ಬೇಕಾದಷ್ಟೇ ಕೊಡ್ಬೇಕು, ಸುಮ್‌ಸುಮ್ನೆ ಒಂದು ಚೂರೂ ಕೊಡ್ಬಾರ್ದು ಅಂತ ನಮಗೆ ಬಡ್ಕೊಂಡು ಹೇಳಿಕೊಟ್ಟಿರ್ತಾರೆ. ನಿಮ್ಮಂಥವರು ಬಂದು ಹಿಂಗೆ ಮಾಡ್ತೀರ."

ನನ್ನಂಥವರು! ಆ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು, ಕೆಮ್ಮು ಬಂದು ತಡೆಯಿತು. ಕೊಂಬಿನ ದಾರವನ್ನು ಅವಳೇ ಬಿಚ್ಚಿ ಮೇಜಿನ ಮೇಲಿಟ್ಟಳು. ಎರಡನೆಯ ಸಲ ಬರಿಗೊರಳಲ್ಲಿ ನಿಂತೆ. ಹೊರಗೆ ಬಂದು ವಿಷಯ ಹೇಳಿದಾಗ ಅತ್ತೆ ಎದೆ ಬಡಿದುಕೊಂಡರು. "ಬರೀ ಕುತ್ತಿಗೇಲಿ ನಿಂತಿದ್ಯಾ? ಆ ಗಳಿಗೇಲಿ ನನ್ ಮಗಂಗೆ ಏನಾರಾ ಆಗಿದ್ರೆ?" ಅವರ ಮಗ ಹೊರಗೆ ಬೈಕಿನ ಮೇಲೆ ಕುಳಿತು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಅವನಿಗೆ ಏನೂ ಆಗಿರಲಿಲ್ಲ.

ಸಂಜೆ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. ಬಲಗಡೆ, ಕೊರಳೆಲುಬಿನ ಕೆಳಗೆ, ಕಪ್ಪಗಿರಬೇಕಾದಲ್ಲಿ ಬಿಳಿ ಮೋಡ. "ಟಿಬಿ ಇರಬಹುದು. ನಾಳೆನೇ ಕಫ ಪರೀಕ್ಷೆಗೆ ಕೊಡಿ. ಗೊತ್ತಾಗೋವರೆಗೂ ಮಾಸ್ಕ್ ಹಾಕ್ಕೊಳ್ಳಿ. ಮನೇಲಿ ಚಿಕ್ಕ ಮಗು ಇದೆಯಲ್ಲ, ಬೇರೆ ಮಲಗಿ" ಅಂದರು. ನನಗೆ ಟಿಬಿ ಅನ್ನುವ ಮಾತಿಗಿಂತ ಮಗು ಅನ್ನುವ ಮಾತು ಎದೆಗೆ ಬಡಿಯಿತು. ನನ್ನ ಮಗಳು ಇಂಚರ ಹುಟ್ಟಿದಾಗಿನಿಂದ ನನ್ನ ಕುತ್ತಿಗೆಗೆ ಮೂತಿಯಿಟ್ಟೇ ಮಲಗುವವಳು.

ಅತ್ತೆ ಫಿಲ್ಮಿನ ಮೇಲೆ ಬೆರಳಿಟ್ಟು, "ಡಾಕ್ಟ್ರೇ, ಇದು ಕಾಯ್ಲೆ ಅಲ್ಲ, ಅರಿಶಿನದ ಕೊಂಬು" ಅಂದರು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಅವರ ಬಾಗಿಲಲ್ಲಿ ಜನ ಕಾಯುತ್ತಿದ್ದರು. ನಕ್ಕು, ಮುಂದಿನವರನ್ನು ಕರೆದರು. ಆ ನಗೆಯನ್ನು ಅತ್ತೆ ಒಪ್ಪಿಗೆ ಅಂತ ತಿಳಿದುಕೊಂಡು ಮನೆಗೆ ಬಂದರು.

ಮನೆಯಲ್ಲಿ ಒಂದೇ ಮಾತು. ಸೆಂಟರಿನವರು ಎರಡು ಸಲ ತೆಗೆದಿದ್ದಾರೆ, ಅವಸರದಲ್ಲಿ ಮೊದಲನೆಯದನ್ನೇ ಕೊಟ್ಟಿದ್ದಾರೆ, ಅದರಲ್ಲಿ ಕಂಡಿದ್ದು ಕೊಂಬು. ನಾನು ಫಿಲ್ಮು ಹಿಡಿದು ತೋರಿಸಿದೆ. ಕೊಂಬು ನಡುವೆ ಇತ್ತು, ಇದು ಬಲಕ್ಕಿದೆ, ಕೊಂಬು ಉದ್ದಕ್ಕಿತ್ತು, ಇದು ಹರಡಿಕೊಂಡಿದೆ ಅಂದೆ. "ನೀನು ನಿಂತ್ಕೊಂಡಾಗ ಸರಿದಿರ್ತದೆ" ಅಂದರು ಅತ್ತೆ. ಮಹದೇವ ಫಿಲ್ಮನ್ನು ತಿರುಗಾಮುರುಗಾ ಮಾಡಿ ನೋಡಿ, "ಇರ್ಬೋದು ಕಣೆ, ಅವ್ವ ಹೇಳೋದೂ ಸರಿನೇ" ಅಂದ. ಅವನು ಯಾಕೆ ಹಾಗಂದ ಅಂತ ನನಗೆ ಗೊತ್ತು. ಟಿಬಿ ಇದ್ದ ಮನೆಯ ಗಿರಣಿಗೆ ರಾಗಿ ತಂದು ಸುರಿಯುವವರು ಯಾರು? ಕೊಂಬು ಆದರೆ ಗಿರಣಿ ಓಡುತ್ತದೆ. ಮಗಳ ಶ್ವಾಸಕೋಶ ಒಂದು ಕಡೆ, ಗಿರಣಿಯ ಬೆಲ್ಟು ಇನ್ನೊಂದು ಕಡೆ ಇಟ್ಟರೆ ನನ್ನ ಗಂಡ ಬೆಲ್ಟಿನ ಕಡೆ ನಿಂತ. ಇದನ್ನು ನಾನು ಮೃದುವಾಗಿ ಬರೆಯಲಾರೆ.

ಇನ್ನೂ ಚೆಂದದ್ದು ಮುಂದಿದೆ. ಕಾಯಿಲೆಯನ್ನು ನಂಬದ ಅತ್ತೆ ಎಕ್ಸ್-ರೇಯನ್ನು ಮಾತ್ರ ಗಾಢವಾಗಿ ನಂಬಿದರು. ಕಿರಣ ಅಂದರೆ ಉಷ್ಣ, ನನಗೆ ಎರಡು ಸಲ ಹೊಡೆದಿದ್ದಾರೆ, ಅದು ಮೈಯಲ್ಲಿ ಉಳಿದಿದೆ, ಮುಟ್ಟಿದವರಿಗೆ ತಗಲುತ್ತದೆ ಅಂತ ಅವರ ತೀರ್ಮಾನ. ಮುಟ್ಟಾದಾಗ ನಮ್ಮ ಮನೆಯಲ್ಲಿ ಯಾರನ್ನೂ ಹೊರಗೆ ಕೂರಿಸುವುದಿಲ್ಲ, ಗಿರಣಿ ನಡೆಯಬೇಕಲ್ಲ. ಎಕ್ಸ್-ರೇಗೆ ಮಾತ್ರ ನನ್ನನ್ನು ಗೋಣಿಚೀಲದ ಕೋಣೆಯಲ್ಲಿ ಕೂರಿಸಿದರು. ತಟ್ಟೆ ಬೇರೆ, ಲೋಟ ಬೇರೆ. ಉಷ್ಣ ಇಳಿಯಲಿ ಅಂತ ಎಳನೀರು, ನೀರುಮಜ್ಜಿಗೆ, ನೆನೆಹಾಕಿದ ಮೆಂತ್ಯ. ಬಾಗಿಲಾಚೆ ಇಂಚರ ಅಳುತ್ತಿದ್ದರೆ, "ಮುಟ್ಬ್ಯಾಡ ಕಂದ, ಅಮ್ಮನ್ ಮೈಯೆಲ್ಲ ಕರೆಂಟು" ಅಂತ ಎತ್ತಿಕೊಂಡು ಹೋಗುತ್ತಿದ್ದರು.

ನಾನು ಸುಮ್ಮನೆ ಕುಳಿತೆ. ಮಗುವಿನಿಂದ ದೂರ ಇರಬೇಕು ಅಂತ ಡಾಕ್ಟರೇ ಹೇಳಿದ್ದರಲ್ಲ. ಕಾರಣ ತಪ್ಪಾದರೂ ಕೆಲಸ ಸರಿಯಾಗುತ್ತಿದೆ ಅಂದುಕೊಂಡೆ. ಆದರೆ ತಪ್ಪು ಕಾರಣಕ್ಕೆ ದೂರ ಇಟ್ಟವರು ಅದೇ ತಪ್ಪು ಕಾರಣಕ್ಕೆ ಹತ್ತಿರವೂ ಕರೆದರು. ನಾಲ್ಕನೆಯ ದಿನ ತಲೆಗೆ ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಗಂಜಳ ಚಿಮುಕಿಸಿ, "ಉಷ್ಣ ಇಳೀತು, ಇನ್ನು ಎತ್ಕೊ" ಅಂತ ಮಗಳನ್ನು ತಂದು ತೊಡೆಯ ಮೇಲೆ ಹಾಕಿದರು. ಕಫ ಪರೀಕ್ಷೆ ಆಗಿಲ್ಲ, ಬೇರೆ ಮಲಗುತ್ತೇನೆ ಅಂದೆ. "ಎಕ್ಸ್-ರೇಗೆ ಮೂರು ದಿನ ಅಂದ್ರೆ ಬೀದಿಯೋರು ಒಪ್ತಾರೆ. ಅದಕ್ಕೂ ಮೇಲೆ ಬೇರೆ ಮಲಗಿದ್ರೆ ಏನಂತಾರೆ?" ಅಂದರು. ಇಂಚರ ನನ್ನ ಮಾಸ್ಕನ್ನು ಎಳೆದು ಬಿಸಾಡಿ ಕುತ್ತಿಗೆಗೆ ಮೂತಿಯಿಟ್ಟು ಮಲಗಿದಳು. ಮತ್ತೆ ಹಾಕಿಕೊಂಡೆ, ಮತ್ತೆ ಎಳೆದಳು.

ಕಫ ಕೊಡಲು ಕೊನೆಗೆ ನಾನೊಬ್ಬಳೇ ಹೋದೆ. ಹಿನಕಲ್‌ಗೆ ಅಮ್ಮನನ್ನು ನೋಡಲು ಅಂತ ಹೇಳಿ ಬಸ್ಸು ಹತ್ತಿ ಸರ್ಕಾರಿ ಆಸ್ಪತ್ರೆಯಲ್ಲಿ ಇಳಿದೆ. ಟಿಬಿಯೇ. ಅಲ್ಲಿನ ಡಾಕ್ಟರಮ್ಮ, "ಗುಣ ಆಗುತ್ತೆ, ಮಧ್ಯದಲ್ಲಿ ಮಾತ್ರ ಬಿಡ್ಬೇಡಿ" ಅಂದರು. ಒಂದು ಲೋಟ ನೀರು ಮುಂದಿಟ್ಟರು. ಅಲ್ಲೇ ಅತ್ತುಬಿಟ್ಟೆ.

ಮನೆಗೆ ಬಂದು ಹೇಳಿದೆ, ಮಾತ್ರೆ ಶುರುವಾಯಿತು. ಮೂತ್ರ ಕಿತ್ತಳೆ ಬಣ್ಣ, ಬಾಯಿ ಕಹಿ, ತಿಂದದ್ದೆಲ್ಲ ವಾಂತಿ. ಈಗ ಗೋಣಿಚೀಲದ ಕೋಣೆಯಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಬೇರೆ ಮಲಗಿದೆ. ನಾನು ಸೊರಗಿದ್ದು ಬೀದಿಗೆ ಕಾಣುತ್ತಿತ್ತು. ಅದಕ್ಕೊಂದು ಕಾರಣ ಬೇಕಲ್ಲ. ಅತ್ತೆ ಗಿರಣಿಯ ಜಗಲಿಯಲ್ಲಿ ಕುಳಿತು ಬಂದವರಿಗೆಲ್ಲ ಹೇಳಿದರು. "ಒಂದು ಕೆಮ್ಮಿಗೆ ಹೋಗಿ ಎಕ್ಸ್-ರೇ ತೆಗೆಸ್ಬುಟ್ವಿ ಕಣ್ರೀ. ಎರಡೆರಡು ಸಲ ಹೊಡ್ದವ್ರೆ. ಕರುಳೆಲ್ಲ ಸುಟ್ಟೋಯ್ತು. ಅವತ್ತಿಂದ ಹಿಂಗೆ." ಬೀದಿಯೆಲ್ಲ ಅಯ್ಯೋ ಪಾಪ ಅಂದಿತು. ಹೀಗೆ ನನ್ನ ಟಿಬಿ ಹೋಗಿ ನನಗೆ ಎಕ್ಸ್-ರೇ ಅನ್ನುವ ಕಾಯಿಲೆ ಬಂತು. ಮನೆಯವರ ಪರೀಕ್ಷೆ ಮಾಡಬೇಕು ಅಂತ ಆಸ್ಪತ್ರೆಯಿಂದ ಬಂದ ಕಾರ್ಯಕರ್ತೆಯನ್ನೂ, "ಅಂಥಾದ್ದೇನಿಲ್ಲ ನಮ್ಮನೇಲಿ" ಅಂತ ಜಗಲಿಯಿಂದಲೇ ಕಳಿಸಿದ್ದರು. ನನಗೆ ಗೊತ್ತಾಗಿದ್ದು ಆಕೆ ಫೋನ್ ಮಾಡಿ ನನ್ನನ್ನೇ ಬೈದಾಗ. ಬೈಸಿಕೊಂಡೆ, ಯಾಕೆಂದರೆ ಅಷ್ಟರಲ್ಲಿ ಇಂಚರಳಿಗೆ ಸಂಜೆ ಸಂಜೆ ಜ್ವರ ಬರುತ್ತಿತ್ತು. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ಸ್ನಾನ ಮಾಡಿಸುವಾಗ ಬೆನ್ನಿನ ಎಲುಬುಗಳು ಕೈಗೆ ಸಿಗುತ್ತಿದ್ದವು.

ಮಕ್ಕಳ ಡಾಕ್ಟರು ನೋಡಿ ಎಕ್ಸ್-ರೇ ಬರೆದರು. ಅತ್ತೆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಗಿರಣಿಯ ಬಾಗಿಲಿಗೆ ಅಡ್ಡ ನಿಂತರು.

"ನಿನ್ನ ಸುಟ್ಟಿದ್ದು ಸಾಲ್ದಾ? ನನ್ ಮೊಮ್ಮಗೂಗೂ ಹೊಡೆಸ್ತೀಯಾ? ನನ್ ಹೆಣದ್ ಮೇಲೆ ಹೋಗು."

ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಬೀದಿಗೆ ಅಂತ ಕಟ್ಟಿದ ಸುಳ್ಳನ್ನು ದಿನಾ ಹೇಳಿ ಹೇಳಿ ಅವರೇ ನಂಬಿಬಿಟ್ಟಿದ್ದರು. ಆ ಹೊತ್ತಿನಲ್ಲಿ ಗಿರಣಿಯಲ್ಲಿ ಐದಾರು ಜನ ಡಬ್ಬ ಇಟ್ಟುಕೊಂಡು ಕಾಯುತ್ತಿದ್ದರು, ಯಂತ್ರ ಓಡುತ್ತಿತ್ತು. ನಾನು ಹೋಗಿ ಸ್ವಿಚ್ ಆರಿಸಿದೆ. ಬೆಲ್ಟು ನಿಂತಾಗ ಎಲ್ಲರೂ ತಿರುಗಿ ನೋಡಿದರು.

"ನನಗೆ ಎಕ್ಸ್-ರೇಯಿಂದ ಏನೂ ಆಗಿಲ್ಲ. ನನಗಿರೋದು ಟಿಬಿ. ಮಾತ್ರೆ ತಗೋತಾ ಇದ್ದೀನಿ. ಮಗೂಗೂ ಬಂದಿರ್ಬೋದು. ಅದನ್ನ ನೋಡಕ್ಕೆ ಬಿಡ್ತಿಲ್ಲ ಇವ್ರು" ಅಂದೆ.

ಒಬ್ಬಾಕೆ ಬಗ್ಗಿ ತನ್ನ ಗೋಧಿ ಡಬ್ಬ ಎತ್ತಿಕೊಂಡಳು. ಅವಳ ಹಿಂದೆ ಇನ್ನೊಬ್ಬರು. ಮಹದೇವ ನನ್ನನ್ನು ಹೊಡೆಯಬಹುದು ಅಂದುಕೊಂಡೆ. ಅವನು ಓಡಿ ಹೋಗಿ ಆಟೋ ಕರೆದ. ಮಗಳ ಮೇಲಿನ ಪ್ರೀತಿಗಲ್ಲ, ನನ್ನನ್ನು ಆ ಬೀದಿಯಿಂದ ಮೊದಲು ಖಾಲಿ ಮಾಡಿಸಬೇಕಿತ್ತು. ಅತ್ತೆ ಮಗುವನ್ನು ಬಿಡದೆ ತಾವೂ ಹತ್ತಿಕೊಂಡರು.

ಅದೇ ಸೆಂಟರು, ಅದೇ ಬೆಂಚು, ಅದೇ ಟೆಕ್ನಿಷಿಯನ್. ನನ್ನನ್ನು ಗುರುತು ಹಿಡಿದು ಮೊದಲು ನನ್ನ ಕುತ್ತಿಗೆ ನೋಡಿದಳು. ನಗು ಬರಬೇಕಿತ್ತು, ಬರಲಿಲ್ಲ.

"ಮಗು ಅಲ್ಲಾಡಿದ್ರೆ ಮತ್ತೆ ಮತ್ತೆ ತೆಗೀಬೇಕಾಗುತ್ತೆ. ಯಾರಾದ್ರೂ ಒಬ್ರು ಕೈ ಹಿಡ್ಕೊಳ್ಳಕ್ಕೆ ಬನ್ನಿ. ಅಪ್ಪ ಬಂದ್ರೆ ಒಳ್ಳೇದು. ಸೀಸದ ಏಪ್ರನ್ ಕೊಡ್ತೀನಿ."

ಮಹದೇವ ಅರ್ಧ ಎದ್ದ. ಅತ್ತೆ ಅವನ ಅಂಗಿಯ ತುದಿ ಹಿಡಿದು ಎಳೆದರು. "ನೀನ್ ಕೂತ್ಕೊಳ್ಲಾ. ಕಿರಣ ತಗುಲ್ದೋನ್ಗೆ ಮಕ್ಳಾಗ್ತವಾ? ಇನ್ನೂ ಗಂಡುಮಗೂ ಆಗ್ಬೇಕು" ಅಂದರು. ಇಂಚರ ಅವರ ತೊಡೆಯ ಮೇಲೇ ಇದ್ದಳು.

ಟೆಕ್ನಿಷಿಯನ್ ತಾಳ್ಮೆಯಿಂದಲೇ ಹೇಳಿದಳು. "ಅಂಥದ್ದೇನೂ ಆಗಲ್ಲ ಅಜ್ಜಿ. ಕಿರಣ ಬೀಳೋ ದಾರೀಲಿ ನಿಲ್ಲಲ್ಲ, ಪಕ್ಕದಲ್ಲಿ ನಿಲ್ತಾರೆ. ಏಪ್ರನ್ ಇರುತ್ತೆ. ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ಲೈಟ್ ಆರಿಸಿದ್ಮೇಲೆ ಕೋಣೇಲಿ ಬೆಳಕು ಉಳ್ಕೊಳ್ಳುತ್ತಾ? ಇದೂ ಹಂಗೇ, ಮೈಯಲ್ಲಿ ಏನೂ ಉಳಿಯಲ್ಲ." ತನ್ನ ಎದೆಯ ಮೇಲಿದ್ದ ಸಣ್ಣ ಬ್ಯಾಡ್ಜು ತೋರಿಸಿ, "ನನಗೆಷ್ಟು ಬಿತ್ತು ಅಂತ ಅಳೆಯೋಕೆ ಇದಿದೆ. ನಾನು ದಿನಾ ಇಲ್ಲೇ ಇರ್ತೀನಲ್ಲ, ನನಗೂ ಎರಡು ಮಕ್ಕಳಿದಾವೆ" ಅಂದಳು.

ಮಹದೇವ ಬ್ಯಾಡ್ಜು ನೋಡಿದ, ಅವ್ವನನ್ನು ನೋಡಿದ, ಆಮೇಲೆ ನೆಲ ನೋಡಿದ. "ನೀನೇ ಹೋಗೆ" ಅಂದ.

ಆ ಎರಡು ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಇನ್ನೂ ಹುಟ್ಟದ, ಹುಟ್ಟುತ್ತದೋ ಇಲ್ಲವೋ ಗೊತ್ತಿಲ್ಲದ ಒಂದು ಗಂಡುಮಗುವನ್ನು ಕಾಪಾಡಲು, ಕಣ್ಣೆದುರಿಗೆ ಜ್ವರದಲ್ಲಿ ಕುಳಿತಿದ್ದ ಮಗಳ ಕೈ ಹಿಡಿಯಲು ನಿರಾಕರಿಸಿದ ಮನುಷ್ಯ ಅವನು. ಕಿರಣಕ್ಕೆ ಹೆದರುವುದು ತಪ್ಪಲ್ಲ, ಹೆದರಬೇಕಾದಷ್ಟು ಹೆದರಬೇಕು, ಅದಕ್ಕೇ ಸೀಸ, ಅದಕ್ಕೇ ಗಾಜು, ಅದಕ್ಕೇ ಬಾಗಿಲ ಮೇಲಿನ ಕೆಂಪು ದೀಪ. ಅವನು ಹೆದರಿದ್ದು ಕಿರಣಕ್ಕೆ ಅಂತ ಮಾತ್ರ ನನಗೆ ಯಾರೂ ಹೇಳಬೇಡಿ.

"ನೀವು ಪ್ರೆಗ್ನೆಂಟ್ ಅಲ್ಲ ತಾನೆ? ಖಂಡಿತಾ?" ಅಂತ ಟೆಕ್ನಿಷಿಯನ್ ಮತ್ತೆ ಕೇಳಿದಳು.

"ಖಂಡಿತಾ ಅಲ್ಲ" ಅಂದೆ. ಗೋಣಿಚೀಲಗಳ ಜೊತೆ ಮಲಗಿದವಳಿಗೆ ಆ ಭಯವೇನೂ ಇರಲಿಲ್ಲ.

ಏಪ್ರನ್ ಭಾರವಿತ್ತು, ಯಾರ್ಯಾರದೋ ಬೆವರಿನ ವಾಸನೆ. ಅದನ್ನು ಹೊತ್ತುಕೊಂಡಾಗ ಕೆಮ್ಮಿ ಕೆಮ್ಮಿ ಸವೆದ ನನ್ನ ಹೆಗಲು ಕುಸಿದ ಹಾಗಾಯಿತು. ಇಂಚರಳ ಎರಡೂ ಕೈಗಳನ್ನು ಮೇಲೆತ್ತಿ ಹಿಡಿದು ಪಕ್ಕಕ್ಕೆ ನಿಂತೆ. ಟೆಕ್ನಿಷಿಯನ್ ಪ್ಲೇಟಿನ ಮೇಲೆ ತನ್ನ ಅಂಗೈಯನ್ನು ಸ್ವಲ್ಪ ಹೊತ್ತು ಒತ್ತಿ ಇಟ್ಟು, ಬೆಚ್ಚಗಾದ ಮೇಲೆ ಮಗುವನ್ನು ಅದಕ್ಕೆ ತಾಗಿಸಿದಳು. ನಿಮ್ಮಂಥವರು ಅಂತ ಅವತ್ತು ಅವಳು ಬೈದದ್ದನ್ನು ಆ ಗಳಿಗೆಯಲ್ಲಿ ಮನ್ನಿಸಿಬಿಟ್ಟೆ.

"ಅಮ್ಮ, ಅಪ್ಪ ಯಾಕ್ ಬರ್ಲಿಲ್ಲ?" ಅಂದಳು ಇಂಚರ.

"ಅಪ್ಪಂಗೆ ಭಯ."

"ನಂಗೂ ಭಯ."

"ನಾನಿದೀನಲ್ಲ. ಊದಿನಕಡ್ಡಿ ವಾಸನೆ ನೋಡೋ ಹಂಗೆ ಉಸಿರು ಎಳ್ಕೊ. ಹಂಗೇ ಹಿಡ್ಕೊ."

ಹಿಡಿದುಕೊಂಡಳು. ಅವಳ ಜೊತೆ ನಾನೂ ಹಿಡಿದುಕೊಂಡೆ. ಒಂದೇ ಸಲಕ್ಕೆ ಸರಿಯಾಗಿ ಬಂತು.

ಅವಳ ಎದೆಯೊಳಗಿನ ಗ್ರಂಥಿಗಳು ಊದಿಕೊಂಡಿದ್ದವು. ಬೇರೆ ಪರೀಕ್ಷೆಗಳೂ ಆಗಿ, ಅವಳಿಗೂ ಟಿಬಿ ಅಂತ ತೀರ್ಮಾನವಾಯಿತು. ಅವಳಿಗೆ ಯಾವಾಗ ಅಂಟಿತು ಅಂತ ಡಾಕ್ಟರನ್ನು ಕೇಳಿದೆ, ಆ ನಾಲ್ಕನೆಯ ದಿನದ ನಂತರವೋ, ಅದಕ್ಕೂ ಮೊದಲೋ. ಹೇಳಲಿಕ್ಕಾಗುವುದಿಲ್ಲ ಅಂದರು. ಹೇಳಲಿಕ್ಕಾಗುವುದಿಲ್ಲ ಅನ್ನುವುದನ್ನೇ ಹಿಡಿದುಕೊಂಡು ಅತ್ತೆ ಇವತ್ತಿಗೂ ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ನನಗೆ ಆ ನೆಮ್ಮದಿ ಇಲ್ಲ.

ಅವಳಿಗೆ ನೀರಿನಲ್ಲಿ ಕರಗುವ ಮಾತ್ರೆ. ಇಬ್ಬರೂ ಬೆಳಗ್ಗೆ ಎದುರುಬದುರು ಕುಳಿತು, ಯಾರು ಮೊದಲು ನುಂಗುತ್ತಾರೆ ನೋಡೋಣ ಅಂತ ಪಂದ್ಯ ಕಟ್ಟುತ್ತಿದ್ದೆವು. ಅವಳೇ ಗೆಲ್ಲುತ್ತಿದ್ದಳು. ಗಿರಣಿಗೆ ಕೆಲವರು ಬರುವುದನ್ನು ಬಿಟ್ಟರು. ಕೆಲವರು ಮೊದಲು ದೂರದಲ್ಲಿ ನಿಂತು, ಆಮೇಲೆ ಹತ್ತಿರ ಬಂದು, ಕೊನೆಗೆ ದನಿ ತಗ್ಗಿಸಿ, "ನಮ್ಮೆಜಮಾನ್ರಿಗೂ ಬಾಳ ದಿನದಿಂದ ಕೆಮ್ಮು ಕಣಮ್ಮ, ಎಲ್ಲಿ ತೋರಿಸಿದ್ರಿ?" ಅಂತ ಕೇಳಿದರು. ಹೇಳಿದೆ. ಎಕ್ಸ್-ರೇ ಉಷ್ಣವಾ ಅಂತಲೂ ಕೇಳಿದರು. ಅಲ್ಲ ಅಂದೆ, ಕುತ್ತಿಗೆಯಲ್ಲಿ ಕೊಂಬು ಕಟ್ಟಿಕೊಂಡು ಹೋಗಬೇಡಿ ಅಂತಲೂ ಹೇಳಿದೆ.

ಇಂಚರಳ ಮಾತ್ರೆಗಳು ಮುಗಿಯುವ ಹೊತ್ತಿಗೆ ಡಾಕ್ಟರು ಇನ್ನೊಂದು ಎಕ್ಸ್-ರೇ ಬರೆದರು. ಕೆನ್ನೆ ತುಂಬಿಕೊಂಡಿದ್ದವು, ಶಾಲೆಗೂ ಸೇರಿದ್ದಳು. ಆ ದಿನ ಮಹದೇವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಾನೇ ಹೊರಟ. ಅತ್ತೆಗೆ ಬರಬೇಡ ಅಂತಲೂ ಹೇಳಿದ. ಸೆಂಟರಿನಲ್ಲಿ ಹೆಸರು ಕೂಗಿದ ಕೂಡಲೇ ಎದ್ದು, "ಈ ಸಲ ನಾನ್ ಹಿಡ್ಕೋತೀನಿ" ಅಂದ. ಕೊಕ್ಕೆಯಿಂದ ಏಪ್ರನ್ ತೆಗೆದು ತೊಟ್ಟು, ಪಟ್ಟಿಯನ್ನೂ ಕಟ್ಟಿಕೊಂಡ. ನನ್ನ ಮುಖ ನೋಡಿದ.

ಇಂಚರ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆಮೇಲೆ ಟೆಕ್ನಿಷಿಯನ್ ಕಡೆ ತಿರುಗಿ, ತಿಳಿದವಳ ಹಾಗೆ ಹೇಳಿದಳು.

"ನಮ್ಮಪ್ಪ ಬರ್ಬಾರ್ದು ಆಂಟಿ. ಅವ್ರಿಗೆ ಗಂಡುಮಗು ಬೇಕು."

ಸಿಟ್ಟಿನಿಂದ ಹೇಳಿದ ಮಾತಲ್ಲ. ಅಪ್ಪನಿಗೆ ತೊಂದರೆಯಾಗದಿರಲಿ ಅಂತ ಕಾಳಜಿಯಿಂದಲೇ ಹೇಳಿದಳು. ಬಾಗಿಲ ಹತ್ತಿರದ ಬೆಂಚಿನವರೆಲ್ಲ ಏಪ್ರನ್ ತೊಟ್ಟ ಅಪ್ಪನನ್ನು ನೋಡಿದರು. ಮಹದೇವ ಪಟ್ಟಿ ಬಿಚ್ಚತೊಡಗಿದ, ಕೈಗೆ ಗಂಟು ಸಿಗುತ್ತಿರಲಿಲ್ಲ. ನಾನು ಸಹಾಯ ಮಾಡಲಿಲ್ಲ. ಏಪ್ರನ್ನಿಗೆ ನಾನು ಕೈ ಚಾಚಿದರೆ ಟೆಕ್ನಿಷಿಯನ್ ತಡೆದಳು. ಒಳಗೆ ಇಂಚರ ಆಗಲೇ ಪ್ಲೇಟಿಗೆ ಎದೆಯಿಟ್ಟು ಎರಡೂ ಕೈ ಮೇಲೆತ್ತಿ ನಿಂತಿದ್ದಳು.

"ಇಷ್ಟು ಚೆನ್ನಾಗಿ ನಿಲ್ತಾಳಲ್ಲ, ಯಾರೂ ಬೇಡ. ನೀವಿಬ್ರೂ ಹೊರಗಿರಿ" ಅಂದಳು.

ಬಾಗಿಲು ಮುಚ್ಚಿತು. ಹಳದಿ ಫಲಕದ ಎದುರು ನಾವಿಬ್ಬರೂ ನಿಂತೆವು. ಮೇಲೆ ಕೆಂಪು ದೀಪ ಹತ್ತಿತು. ಮಹದೇವ ಗಂಟಲು ಸರಿಮಾಡಿಕೊಂಡು, "ಅವತ್ತು ಅವ್ವ ಅಂದ್ರು ಅಂತ ನಾನು..." ಅಂತ ಶುರುಮಾಡಿದ.

"ಸುಮ್ನಿರಿ" ಅಂದೆ. "ಒಳಗೆ ಮಗು ಉಸಿರು ಹಿಡ್ಕೊಂಡವಳೆ."